ಹಂಗಿನ ಕುರ್ಚಿ

(ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸಂಘಟಕರು ನನಗೆ ವಿಷಯ ಕೊಡುವ ಬದಲು ಒಂದು ಪ್ರಶ್ನೆಯನ್ನೇ ಕೊಟ್ಟಿದ್ದಾರೆ. ಜನರಿಂದ ಆರಿಸಿ ಬರದೆ, ಸರ್ಕಾರವೇ ಹೆಸರು ಸೂಚಿಸಿ ಶಾಸನಸಭೆಗೆ ಕಳಿಸಿದ ಸದಸ್ಯ ಆಳುವ ಪಕ್ಷದ ವಿಷಯದಲ್ಲಿ ತಟಸ್ಥನಾಗಿ ಇರಬಲ್ಲನೇ? ಬೇರೆ ಊರಿನಲ್ಲಾದರೆ ಇದಕ್ಕೆ ಗ್ರಂಥಗಳನ್ನು ತಡಕಬೇಕಿತ್ತು. ಇಲ್ಲಿ ಆ ಕಷ್ಟವಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯೇ ಸಾಕಷ್ಟು ಉದಾಹರಣೆ ಒದಗಿಸುತ್ತದೆ. (2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದ್ದಾರೆ, ನನ್ನ ಬಾಯಿಗೆ ಇನ್ನೂ ರಾಮನಗರವೇ ಬರುತ್ತದೆ, ಕ್ಷಮೆಯಿರಲಿ.) ಈ ನೆಲದಲ್ಲಿ ಹುಟ್ಟಿದ ಇಬ್ಬರು ವಿಧಾನ ಪರಿಷತ್ತಿನ ನಾಮಕರಣ ಕುರ್ಚಿಯಲ್ಲಿ ಕೂತಿದ್ದಾರೆ. ಒಬ್ಬರು ಮಾಗಡಿ ತಾಲ್ಲೂಕು ಮಂಚನಬೆಲೆಯ ಕವಿ ಸಿದ್ಧಲಿಂಗಯ್ಯ, ಇನ್ನೊಬ್ಬರು ಚನ್ನಪಟ್ಟಣದ ಸಿ.ಪಿ. ಯೋಗೇಶ್ವರ್. ಇವರಿಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಂವಿಧಾನದ ಒಂದು ವಿಧಿ ನಡೆದ ದಾರಿ ಕಣ್ಣಿಗೆ ಬೀಳುತ್ತದೆ.

ಮೊದಲು ಲೆಕ್ಕ. ನಮ್ಮ ವಿಧಾನ ಪರಿಷತ್ತಿನಲ್ಲಿ 75 ಸ್ಥಾನ. 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳವರು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಮಂದಿ ರಾಜ್ಯಪಾಲರ ನಾಮಕರಣ. ಸಂವಿಧಾನದ 171ನೇ ವಿಧಿಯ ಪ್ರಕಾರ ಇವರು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಅಥವಾ ಸಮಾಜ ಸೇವೆಯಲ್ಲಿ ವಿಶೇಷ ಜ್ಞಾನವೋ ಅನುಭವವೋ ಉಳ್ಳವರಾಗಿರಬೇಕು. ಓಟು ಕೇಳಲು ಬಾರದ, ಆದರೆ ಸದನಕ್ಕೆ ಬೇಕಾದ ಜನರಿಗೆ ಒಂದು ಬಾಗಿಲಿರಲಿ ಎಂಬುದು ಇದರ ಹಿಂದಿನ ಆಶಯ.

ಸಹಿ ರಾಜ್ಯಪಾಲರದು, ಪಟ್ಟಿ ಮುಖ್ಯಮಂತ್ರಿಯದು. ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು. ತೆಲಂಗಾಣದಲ್ಲಿ 2023ರಲ್ಲಿ ರಾಜ್ಯಪಾಲರಾಗಿದ್ದ ತಮಿಳ್‌ಇಸೈ ಸೌಂದರರಾಜನ್, ಸರ್ಕಾರ ಕಳಿಸಿದ ಎರಡು ಹೆಸರುಗಳನ್ನು ಇವರು ರಾಜಕೀಯದವರು ಎಂದು ತಿರಸ್ಕರಿಸಿದರು. 2024ರ ಮಾರ್ಚಿನಲ್ಲಿ ಅಲ್ಲಿನ ಹೈಕೋರ್ಟು ಆ ತಿರಸ್ಕಾರವನ್ನೇ ರದ್ದು ಮಾಡಿತು. ಹಾಗೆಂದು ರಾಜ್ಯಪಾಲರ ಕೈಗೇ ಪೂರ್ತಿ ಬಿಟ್ಟಿದ್ದರೆ ಒಳ್ಳೆಯದಾಗುತ್ತಿತ್ತು ಎನ್ನುವಂತೆಯೂ ಇಲ್ಲ. 1952ರಲ್ಲಿ ಮದರಾಸಿನ ರಾಜ್ಯಪಾಲ ಶ್ರೀಪ್ರಕಾಶರು ರಾಜಾಜಿಯವರನ್ನು ಪರಿಷತ್ತಿಗೆ ನಾಮಕರಣ ಮಾಡಿದರು. ರಾಜಾಜಿ ಆ ಕುರ್ಚಿಯ ಮೇಲೆಯೇ ಮುಖ್ಯಮಂತ್ರಿಯಾದರು. ಸಂವಿಧಾನ ಜಾರಿಗೆ ಬಂದು ಆಗಿನ್ನೂ ಎರಡು ವರ್ಷ. ವಿದ್ವಾಂಸರಿಗೆಂದು ತೆರೆದ ಬಾಗಿಲಿನಲ್ಲಿ ಮೊದಲು ಒಳಗೆ ಹೋದದ್ದು ಅಧಿಕಾರವೇ. ರಾಜಾಜಿಯವರ ಪಾಂಡಿತ್ಯದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಹಾಗಾಗಿಯೇ ಆ ಮೇಲ್ಪಂಕ್ತಿ ಇನ್ನಷ್ಟು ಅಪಾಯಕಾರಿಯಾಯಿತು ಎಂಬುದು ನನ್ನ ಅನಿಸಿಕೆ.

ಇನ್ನೊಂದು ನಿಯಮವನ್ನೂ ಈಗಲೇ ಹೇಳಿಬಿಡುತ್ತೇನೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ, ಎಂದರೆ ಸಂವಿಧಾನದ ಹತ್ತನೇ ಅನುಸೂಚಿ, ನಾಮಕರಣ ಸದಸ್ಯರಿಗೆ ಆರು ತಿಂಗಳ ಗಡುವು ಕೊಡುತ್ತದೆ. ಪ್ರಮಾಣ ವಚನ ಸ್ವೀಕರಿಸಿದ ಆರು ತಿಂಗಳೊಳಗೆ ಪಕ್ಷ ಸೇರಬಹುದು. ಆಮೇಲೆ ಸೇರಿದರೆ ಸದಸ್ಯತ್ವ ಹೋಗುತ್ತದೆ. ನಾಮಕರಣದ ಹೊತ್ತಿಗೇ ಪಕ್ಷದಲ್ಲಿದ್ದರೆ ಆ ಪಕ್ಷದವನೆಂದೇ ಲೆಕ್ಕ. ಪಕ್ಷದವನಾದ ಮೇಲೆ ವಿಪ್ ಅನ್ವಯಿಸುತ್ತದೆ: ಪಕ್ಷ ಹೇಳಿದ ಕಡೆ ಮತ ಹಾಕದಿದ್ದರೆ ಕುರ್ಚಿ ಕಳೆದುಕೊಳ್ಳಬೇಕಾಗುತ್ತದೆ. ಹೀಗಾಗಿ ತಟಸ್ಥನಾಗಿರು ಎಂದು ನಮ್ಮ ಕಾನೂನು ಯಾವ ನಾಮಕರಣ ಸದಸ್ಯನಿಗೂ ಹೇಳುವುದಿಲ್ಲ. ಆರು ತಿಂಗಳೊಳಗೆ ತೀರ್ಮಾನ ಮಾಡು ಎಂದಷ್ಟೇ ಹೇಳುತ್ತದೆ.

ಈಗ ಚನ್ನಪಟ್ಟಣಕ್ಕೆ ಬರೋಣ.

2020ರ ಜುಲೈನಲ್ಲಿ ಯಡಿಯೂರಪ್ಪನವರ ಸರ್ಕಾರ ಐದು ಹೆಸರು ಕಳಿಸಿತು, ರಾಜ್ಯಪಾಲ ವಜುಭಾಯಿ ವಾಲಾ ಸಹಿ ಹಾಕಿದರು. ಎ.ಎಚ್. ವಿಶ್ವನಾಥ್, ಸಿ.ಪಿ. ಯೋಗೇಶ್ವರ್, ಶಾಂತಾರಾಮ ಸಿದ್ದಿ, ಭಾರತಿ ಶೆಟ್ಟಿ, ಡಾ. ತಳವಾರ ಸಾಬಣ್ಣ. ಪರಿಷತ್ತಿನಲ್ಲಿ ಆಗ ಬಿಜೆಪಿಗೆ ಬಹುಮತವಿರಲಿಲ್ಲ. ಒಂದೊಂದು ಮತಕ್ಕೂ ಬೆಲೆಯಿತ್ತು. ಕಾಡಂಚಿನ ಸಿದ್ದಿ ಸಮುದಾಯದ ಒಬ್ಬರು ಮೊದಲ ಬಾರಿಗೆ ಶಾಸನಸಭೆಯೊಳಗೆ ಕಾಲಿಟ್ಟದ್ದು ಈ ಪಟ್ಟಿಯಿಂದ, ಅದನ್ನು ಮರೆಯಬಾರದು. ಚುನಾವಣೆಯಲ್ಲಿ ಆ ಸಮುದಾಯಕ್ಕೆ ಆ ಭಾಗ್ಯ ಸಿಗಲು ಇನ್ನೆಷ್ಟು ಕಾಲ ಬೇಕಿತ್ತೋ. ವಿಶ್ವನಾಥರು ಸಾಹಿತ್ಯದ ಲೆಕ್ಕದಲ್ಲಿ ಬಂದರು. ಅವರ ‘ಹಳ್ಳಿಹಕ್ಕಿಯ ಹಾಡು’ ನಿಮ್ಮಲ್ಲಿ ಕೆಲವರು ಓದಿರಬಹುದು. ಯೋಗೇಶ್ವರ್ ಸಿನಿಮಾ ಕಲಾವಿದರೆಂಬ ಲೆಕ್ಕದಲ್ಲಿ ಬಂದರು. ‘ಸೈನಿಕ’ ಸಿನಿಮಾದ ನಾಯಕ ಅವರು, ಚನ್ನಪಟ್ಟಣದಲ್ಲಿ ಈಗಲೂ ಅವರ ಹೆಸರಿಗಿಂತ ಮೊದಲು ‘ಸೈನಿಕ’ ಅಂತಲೇ ಬಾಯಿಗೆ ಬರುತ್ತದೆ. ಆದರೆ ಅವರನ್ನು ಕಲಾವಿದ ಎಂದು ಓಟು ಹಾಕಿ ಗೆಲ್ಲಿಸಿದವರು ಆ ತಾಲ್ಲೂಕಿನಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ. 1999ರಲ್ಲಿ ಪಕ್ಷೇತರರಾಗಿ ಗೆದ್ದರು, ಆಮೇಲೆ ಕಾಂಗ್ರೆಸ್, ಆಮೇಲೆ ಬಿಜೆಪಿ, 2013ರಲ್ಲಿ ಸಮಾಜವಾದಿ ಪಕ್ಷ. 2018ರಲ್ಲಿ ಮತ್ತೆ ಬಿಜೆಪಿಯಿಂದ ನಿಂತು ಎಚ್.ಡಿ. ಕುಮಾರಸ್ವಾಮಿಯವರ ಎದುರು ಸೋತರು. ಯಾವ ಚಿಹ್ನೆ ಹಿಡಿದರೂ ಊರಿನವರು ನೋಡಿದ್ದು ಮನುಷ್ಯನನ್ನು, ಕೆರೆಗಳಿಗೆ ನೀರು ತುಂಬಿಸಿದ ಕೆಲಸವನ್ನು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಉರುಳಿ ಬಿಜೆಪಿ ಸರ್ಕಾರ ಬರಲು ಅವರು ದುಡಿದರೆಂದು ಆ ಪಕ್ಷದವರೇ ಹೇಳಿಕೊಂಡರು. ಕುರ್ಚಿ ಬಂದದ್ದು ಯಾವ ಕಲೆಗೆ ಎಂದು ನೀವೇ ತೀರ್ಮಾನಿಸಿ.

ಇಲ್ಲಿಂದ ಮುಂದೆ ಕಥೆ ಕವಲೊಡೆಯುತ್ತದೆ. ವಿಶ್ವನಾಥ್ 2019ರಲ್ಲಿ ಜೆಡಿಎಸ್ ಶಾಸಕರಾಗಿದ್ದು, ಆಗಿನ ಸ್ಪೀಕರ್ ರಮೇಶ್ ಕುಮಾರ್ ಅವರಿಂದ ಅನರ್ಹಗೊಂಡವರು. ಆಮೇಲೆ ಹುಣಸೂರು ಉಪಚುನಾವಣೆಯಲ್ಲಿ ಸೋತರು. ಸಂವಿಧಾನದ 164(1ಬಿ) ಪ್ರಕಾರ ಹೀಗೆ ಅನರ್ಹರಾದವರು ಮತ್ತೆ ಚುನಾಯಿತರಾಗುವವರೆಗೆ, ಇಲ್ಲವೇ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಮಂತ್ರಿಯಾಗುವಂತಿಲ್ಲ. ನಾಮಕರಣಗೊಂಡರೆ ಚುನಾಯಿತರಾದಂತೆಯೇ? 2020ರ ನವೆಂಬರ್ 30ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಮಧ್ಯಂತರ ಆದೇಶದಲ್ಲಿ ಇಲ್ಲ ಎಂದಿತು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬದಲಿಸಲು ಒಪ್ಪಲಿಲ್ಲ. ವಿಶ್ವನಾಥರಂತೆಯೇ ಅನರ್ಹಗೊಂಡಿದ್ದ ಎಂ.ಟಿ.ಬಿ. ನಾಗರಾಜ್ ಮತ್ತು ಆರ್. ಶಂಕರ್ ಶಾಸಕರ ಮತದಿಂದ ಪರಿಷತ್ತಿಗೆ ಆರಿಸಿ ಬಂದಿದ್ದರಿಂದ ಅವರ ದಾರಿಗೆ ಅಡ್ಡಿಯಾಗಲಿಲ್ಲ. ಪರಿಷತ್ತಿನ ಒಳಗೆ ಕೂತ ಮೇಲೆ ಎಲ್ಲ ಕುರ್ಚಿಯೂ ಒಂದೇ ಬಣ್ಣ. ಬಂದ ಬಾಗಿಲು ಬೇರೆ ಎಂಬುದನ್ನು ನ್ಯಾಯಾಲಯ ನೆನಪಿಟ್ಟುಕೊಂಡಿತ್ತು.

ಯೋಗೇಶ್ವರ್ ಅನರ್ಹಗೊಂಡವರಲ್ಲ. ಹಾಗಾಗಿ ಅದೇ ನಾಮಕರಣ ಬಾಗಿಲಿನಿಂದ ಬಂದಿದ್ದರೂ 2021ರ ಜನವರಿ 13ರಂದು ಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು, ಪ್ರವಾಸೋದ್ಯಮ ಖಾತೆ ನೋಡಿಕೊಂಡರು. ಕಲೆಯ ವಿಶೇಷ ಅನುಭವಕ್ಕೆಂದು ಸದನಕ್ಕೆ ಬಂದವರು ಆರು ತಿಂಗಳಿಗೆ ಸರ್ಕಾರವೇ ಆದರು. ಆಳುವ ಪಕ್ಷದ ವಿಷಯದಲ್ಲಿ ತಟಸ್ಥರಾಗಿದ್ದರೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, ಮುಂದೆ ನಡೆದದ್ದು ಬೇರೆ ಆಗಿರದಿದ್ದರೆ.

ಮಂತ್ರಿಯಾಗಿದ್ದುಕೊಂಡೇ ಯೋಗೇಶ್ವರ್ ತಮ್ಮ ಮುಖ್ಯಮಂತ್ರಿಯ ವಿರುದ್ಧ ಬಹಿರಂಗವಾಗಿ ಮಾತಾಡಿದರು. ವಿಶ್ವನಾಥ್ ಇನ್ನೂ ಗಟ್ಟಿಯಾಗಿ ಮಾತಾಡಿದರು, 2021ರ ಜೂನಿನಲ್ಲಿ ನೀರಾವರಿ ಟೆಂಡರುಗಳ ಬಗ್ಗೆಯೇ ಆರೋಪ ಮಾಡಿದರು. ಯಾರು ಹೆಸರು ಬರೆದು ಕಳಿಸಿದ್ದರೋ ಅವರ ಮೇಲೆಯೇ ಇಬ್ಬರೂ ತಿರುಗಿ ಬಿದ್ದರು. ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಉಪಕಾರಸ್ಮರಣೆಯಿಲ್ಲದ ಜನ ಎಂದು ಬೈದವರಿದ್ದರು, ಧೈರ್ಯವಂತರು ಎಂದವರೂ ಇದ್ದರು. ನನಗೆ ಕಾಣುವುದು ಬೇರೆ. ವಿಶ್ವನಾಥರಿಗೆ ಸರ್ಕಾರದಿಂದ ಇನ್ನು ಸಿಗುವುದೇನೂ ಉಳಿದಿರಲಿಲ್ಲ. ಮಂತ್ರಿಗಿರಿಯ ಬಾಗಿಲನ್ನು ನ್ಯಾಯಾಲಯ ಮುಚ್ಚಿತ್ತು. ಯೋಗೇಶ್ವರ್‌ಗೆ ಸರ್ಕಾರದ ಹೊರಗೆ ಸ್ವಂತದ ಓಟುಗಳಿದ್ದವು. ಕುರ್ಚಿ ಹೋದರೆ ಚನ್ನಪಟ್ಟಣ ಇತ್ತು. ಒಬ್ಬರ ನಾಲಗೆಯನ್ನು ಸಡಿಲಿಸಿದ್ದು ನಿರಾಸೆ, ಇನ್ನೊಬ್ಬರ ನಾಲಗೆಯನ್ನು ಸಡಿಲಿಸಿದ್ದು ಕ್ಷೇತ್ರ.

ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ. ನಾಮಕರಣ ಸದಸ್ಯನ ನಡವಳಿಕೆಯನ್ನು ನಾವು ಅವನಿಗೆ ಸಿಕ್ಕಿದ ಉಪಕಾರದಿಂದ ಅಳೆಯುತ್ತೇವೆ. ಅವನನ್ನು ಕಟ್ಟಿಹಾಕುವುದು ಇನ್ನೂ ಸಿಗಬಹುದಾದದ್ದು: ಮಂತ್ರಿಗಿರಿ, ನಿಗಮದ ಅಧ್ಯಕ್ಷಗಿರಿ, ಎರಡನೆಯ ಅವಧಿ, ಚುನಾವಣೆಯ ಟಿಕೆಟ್ಟು. ಉಂಡ ಉಪ್ಪನ್ನು ಜನ ಬೇಗ ಮರೆಯುತ್ತಾರೆ. ಮುಂದಿನ ಊಟದ ವಾಸನೆಯನ್ನು ಮಾತ್ರ ಮರೆಯುವುದಿಲ್ಲ.

ಯೋಗೇಶ್ವರ್ ಕಥೆಯ ಉಳಿದ ಭಾಗ ನಿಮ್ಮೆದುರೇ ನಡೆದಿದೆ. 2023ರಲ್ಲಿ ನಾಮಕರಣ ಸದಸ್ಯರಾಗಿದ್ದುಕೊಂಡೇ ಬಿಜೆಪಿ ಅಭ್ಯರ್ಥಿಯಾಗಿ ನಿಂತು ಮತ್ತೆ ಕುಮಾರಸ್ವಾಮಿಯವರ ಎದುರು ಸೋತರು, ಪರಿಷತ್ತಿನ ಕುರ್ಚಿ ಹಾಗೇ ಇತ್ತು. ಕುಮಾರಸ್ವಾಮಿ ಮಂಡ್ಯದಿಂದ ಲೋಕಸಭೆಗೆ ಹೋಗಿ ಚನ್ನಪಟ್ಟಣ ತೆರವಾದಾಗ ಬಿಜೆಪಿ-ಜೆಡಿಎಸ್ ಮೈತ್ರಿಕೂಟದ ಟಿಕೆಟ್ಟು ಸಿಗುವುದಿಲ್ಲವೆಂದು ಖಾತ್ರಿಯಾಯಿತು. 2024ರ ಅಕ್ಟೋಬರಿನಲ್ಲಿ ಪರಿಷತ್ತಿಗೆ ರಾಜೀನಾಮೆ ಕೊಟ್ಟು, ಎರಡು ದಿನದಲ್ಲಿ ಕಾಂಗ್ರೆಸ್ ಸೇರಿ, ನವೆಂಬರಿನಲ್ಲಿ ಕುಮಾರಸ್ವಾಮಿಯವರ ಮಗ ನಿಖಿಲ್ ಅವರನ್ನು 25,413 ಮತಗಳಿಂದ ಸೋಲಿಸಿದರು. ರಾಜೀನಾಮೆ ಕೊಟ್ಟೇ ಪಕ್ಷ ಬದಲಿಸಿದರು, ಕಾನೂನಿನಲ್ಲಿ ತಪ್ಪಿಲ್ಲ. ಅವರು ಬಿಟ್ಟ ಕುರ್ಚಿಗೆ 2025ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಸರ್ಕಾರ ಕಳಿಸಿದ್ದು ತನ್ನ ಪಕ್ಷದ ಮಾಧ್ಯಮ ವಿಭಾಗ ನೋಡಿಕೊಳ್ಳುತ್ತಿದ್ದ ರಮೇಶ್ ಬಾಬು ಅವರನ್ನು. ಪಕ್ಷದ ಪರ ಮಾತಾಡುವುದೇ ಕೆಲಸವಾಗಿದ್ದವರು ತಟಸ್ಥರೇ ಎಂದು ಕೇಳುವುದು ಅವರಿಗೇ ಅನ್ಯಾಯ. ಸರ್ಕಾರ ಬದಲಾಯಿತು, ಕುರ್ಚಿಯ ಉಪಯೋಗ ಬದಲಾಗಲಿಲ್ಲ. 2024ರ ಫೆಬ್ರುವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಇದೇ ಪರಿಷತ್ತಿನಲ್ಲಿ ಬಿದ್ದುಹೋಗಿತ್ತು. ಅಂಥ ಪೆಟ್ಟು ತಿಂದ ಯಾವ ಸರ್ಕಾರವೂ ಖಾಲಿ ಕುರ್ಚಿಯನ್ನು ಕವಿಗೆ ಕೊಡುವ ಮೊದಲು ಎರಡು ಸಲ ಯೋಚಿಸುತ್ತದೆ.

ಕವಿಗೆ ಕೊಟ್ಟ ಕಾಲವೂ ಇತ್ತು.

ಸಿದ್ಧಲಿಂಗಯ್ಯನವರು 1988ರಲ್ಲಿ ಜನತಾ ಸರ್ಕಾರವಿದ್ದಾಗ ಪರಿಷತ್ತಿಗೆ ನಾಮಕರಣಗೊಂಡರು. ಮಂಚನಬೆಲೆಯ ಕೇರಿಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದು, ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾಗಿ, ‘ಹೊಲೆಮಾದಿಗರ ಹಾಡು’ ಬರೆದು ಮೆರವಣಿಗೆಗಳಿಗೆ ದನಿ ಕೊಟ್ಟ ಮನುಷ್ಯ. ಸಂಗಾತಿಗಳಲ್ಲಿ ಹಲವರಿಗೆ ಇದು ಸರಿ ಕಾಣಲಿಲ್ಲ. ಬೀದಿಯಲ್ಲಿ ಕೂಗಿದವನನ್ನು ಸರ್ಕಾರ ಒಳಗೆ ಕರೆದು ಕೂರಿಸಿ ಸುಮ್ಮನಾಗಿಸಿತು ಎಂಬ ಮಾತು ಅವರ ಬೆನ್ನು ಬಿಡಲೇ ಇಲ್ಲ. ಆ ಟೀಕೆಯಲ್ಲಿ ಹುರುಳಿಲ್ಲ ಎನ್ನಲಾರೆ. ಮೊದಲಿನ ಕಾವು ನಂತರದ ಪದ್ಯಗಳಲ್ಲಿ ಇಲ್ಲ ಎಂಬುದು ಓದಿದವರಿಗೆ ಗೊತ್ತು.

ಆದರೆ ತಾರೀಕುಗಳನ್ನು ನೋಡಿ. ಅವರ ಅವಧಿ ಆರು ವರ್ಷ. ಅವರನ್ನು ಕಳಿಸಿದ ಜನತಾ ಆಡಳಿತ 1989ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರೊಂದಿಗೆ ಹೋಯಿತು. ರಾಷ್ಟ್ರಪತಿ ಆಳ್ವಿಕೆ ಬಂತು, ವೀರೇಂದ್ರ ಪಾಟೀಲ್ ಬಂದರು, ಬಂಗಾರಪ್ಪ ಬಂದರು, ಮೊಯಿಲಿ ಬಂದರು. ಹರಸಿದವರು ಮನೆಗೆ ಹೋಗಿದ್ದರು, ಕುರ್ಚಿಯಲ್ಲಿದ್ದ ಕವಿ ಅಲ್ಲೇ ಇದ್ದರು. ಸಂವಿಧಾನ ಆರು ವರ್ಷ ಕೊಟ್ಟಿರುವುದು ಸರ್ಕಾರದ ಐದು ವರ್ಷಕ್ಕಿಂತ ಒಂದು ವರ್ಷ ಹೆಚ್ಚು. ನಮ್ಮ ರಾಜ್ಯದ ಸರ್ಕಾರಗಳ ಆಯುಸ್ಸು ನೋಡಿದರೆ ಬಹಳ ಹೆಚ್ಚು. ನಾಮಕರಣ ಸದಸ್ಯನ ಸ್ವಾತಂತ್ರ್ಯಕ್ಕೆ ನಮ್ಮ ಸಂವಿಧಾನದಲ್ಲಿ ಇರುವ ನಿಜವಾದ ಕಾವಲು ಇದೊಂದೇ.

ಅವರು ಸದನದಲ್ಲಿ ಆಡಿದ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂಬ ಹೆಸರಿನಲ್ಲಿ ಪುಸ್ತಕವಾಗಿವೆ. ಇಂಥ ಪುಸ್ತಕ ಎಷ್ಟು ಮಂದಿ ನಾಮಕರಣ ಸದಸ್ಯರದ್ದಿದೆ? ಅಲ್ಲಿ ತಾಟಸ್ಥ್ಯ ಹುಡುಕಬೇಡಿ. ಅವರು ಒಂದು ಕಡೆಯವರಾಗಿಯೇ ಬಂದವರು, ಆ ಕಡೆ ಯಾವುದೆಂದು ಹದಿನೈದು ವರ್ಷದಿಂದ ನಾಡಿಗೆಲ್ಲ ಗೊತ್ತಿತ್ತು. ಹೊರಗೆ ಒಂದು ಸಮುದಾಯ, ಒಂದು ಚಳವಳಿ ಇವನೇನು ಮಾತಾಡುತ್ತಾನೆ ಎಂದು ಕಿವಿಗೊಟ್ಟು ಕೂತಿತ್ತು, ಬೈಯಲೂ ಸಿದ್ಧವಾಗಿತ್ತು. ನನ್ನ ಮಟ್ಟಿಗೆ ಆ ಬೈಗುಳ, ಪಕ್ಷದ ವಿಪ್‌ಗಿಂತ ಆರೋಗ್ಯಕರವಾದದ್ದು.

1995ರಲ್ಲಿ ಅವರಿಗೆ ಎರಡನೆಯ ಅವಧಿ ಸಿಕ್ಕಿತು. ಆಗ ಮುಖ್ಯಮಂತ್ರಿ ದೇವೇಗೌಡರು, ಅದೂ ನಮ್ಮ ರಾಮನಗರ ಕ್ಷೇತ್ರದಿಂದಲೇ ಗೆದ್ದವರು. ನನಗೆ ಅಳುಕಿರುವುದು ಇಲ್ಲೇ. ಎರಡನೆಯ ಅವಧಿ ಸಿಗಬಹುದು ಎಂಬ ವ್ಯವಸ್ಥೆಯಲ್ಲಿ ಮೊದಲ ಅವಧಿಯ ಕೊನೆಯ ವರ್ಷಗಳು ಯಾರಿಗಾದರೂ ಕಷ್ಟದವೇ. ಸಿದ್ಧಲಿಂಗಯ್ಯನವರು ಆ ಆಸೆಯಿಂದ ಒಂದು ಮಾತನ್ನಾದರೂ ನುಂಗಿಕೊಂಡರು ಎಂದು ಹೇಳುವ ಆಧಾರ ನನ್ನಲ್ಲಿಲ್ಲ, ಹೇಳುವುದೂ ಇಲ್ಲ. ಅಂಥ ಅನುಮಾನಕ್ಕೆ ಎಡೆ ಕೊಡುವ ನಿಯಮವನ್ನೇ ಇಟ್ಟುಕೊಳ್ಳಬಾರದು ಎನ್ನುತ್ತೇನೆ.

ಮುಂದೆ ಸಿಗಬಹುದಾದದ್ದು ಬಾಯಿ ಕಟ್ಟುವುದನ್ನು ಕಾರ್ಖಾನೆಯಲ್ಲಿ ದುಡಿಯುವ ನಿಮಗೆ ವಿವರಿಸಬೇಕಾಗಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ ನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ವರ್ಕ್ಸ್ ಕಮಿಟಿ ಎಂಬುದಿದೆ. ಅದರಲ್ಲಿ ಕೆಲಸಗಾರರ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆಯಿರಬಾರದು. ಎಚ್‌ಆರ್‌ನವರು ಕೈ ತೋರಿಸಿ ‘ನೀನು ಬಾರಪ್ಪ’ ಎಂದು ಕರೆದು ಕೂರಿಸಿದವನು ಕ್ಯಾಂಟೀನಿನ ಸಾರು ನೀರಾಗಿದೆ ಎಂದು ಹೇಳಿಯಾನು. ಓಟಿ ಲೆಕ್ಕ ತಪ್ಪಾಗಿದೆ ಎಂದು ಹೇಳುವಾಗ ಅವನ ದನಿ ತಗ್ಗುತ್ತದೆ. ಮುಂದಿನ ತಿಂಗಳು ಅವನ ಹೆಸರು ಸೂಪರ್‌ವೈಸರ್ ಬಡ್ತಿ ಪಟ್ಟಿಯಲ್ಲಿದ್ದರಂತೂ ಸಾರು ಕೂಡ ಚೆನ್ನಾಗಿಯೇ ಇರುತ್ತದೆ. ಅದೇ ಹುಡುಗ ಮರುವರ್ಷ ಕೆಲಸ ಬಿಡಲು ತೀರ್ಮಾನಿಸಿದ್ದಾನೆ ಅನ್ನಿ, ಅವನ ಬಾಯಿ ಮುಚ್ಚಿಸಲು ಮ್ಯಾನೇಜರೇ ಬರಬೇಕಾಗುತ್ತದೆ.

ಮಾತು ಬೇರೆ, ಮತ ಬೇರೆ. ನಾಮಕರಣ ಸದಸ್ಯನ ಮಾತಿನಲ್ಲಿ ಸ್ವಾತಂತ್ರ್ಯ ಇರಬಹುದು, ಮತದಲ್ಲಿ ಅದನ್ನು ನಿರೀಕ್ಷಿಸುವುದು ಕಷ್ಟ. ಈ ಸತ್ಯ ನಮ್ಮ ಸಂವಿಧಾನಕ್ಕೇ ಗೊತ್ತಿದೆ, ಆದರೆ ಅರ್ಧ ಮಾತ್ರ. ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ನಾಮಕರಣ ಸದಸ್ಯರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ ಎಂದು 243ಆರ್ ವಿಧಿ ಹೇಳುತ್ತದೆ. ನಿಮ್ಮೂರಿನ ಬಸ್‌ಸ್ಟ್ಯಾಂಡಿನ ಫ್ಲೆಕ್ಸುಗಳಲ್ಲಿ ‘ನಾಮನಿರ್ದೇಶಿತ ಸದಸ್ಯರು’ ಎಂದು ಹೆಸರಿನ ಕೆಳಗೆ ಹಾಕಿಕೊಂಡವರ ತಲೆಯ ಮೇಲೆ ಯಾವ ನಾಯಕರ ಫೋಟೊ ಇರುತ್ತದೆ ನೋಡಿ. ಆ ನಿಯಮ ಮಾಡಿದವರು ಬುದ್ಧಿವಂತರು ಎಂದು ಒಪ್ಪುತ್ತೀರಿ. ಪಟ್ಟಣ ಪಂಚಾಯಿತಿಯ ಚರಂಡಿ ಬಿಲ್ಲಿಗೆ ಮತ ಹಾಕಬಾರದ ನಾಮಕರಣ, ವಿಧಾನ ಪರಿಷತ್ತಿನಲ್ಲಿ ಇಡೀ ರಾಜ್ಯದ ಕಾನೂನಿಗೆ ಮತ ಹಾಕಬಹುದು. ಇದರ ತರ್ಕ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಮತ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಪುದುಚೇರಿ ಸಾಕ್ಷಿ. ಅಲ್ಲಿನ ವಿಧಾನಸಭೆಗೆ ಕೇಂದ್ರ ಸರ್ಕಾರ, ಅಲ್ಲಿನ ಸರ್ಕಾರವನ್ನು ಕೇಳದೆ ಮೂವರು ಬಿಜೆಪಿಯವರನ್ನು ನಾಮಕರಣ ಮಾಡಿತು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಅವರಿಗೆ ಅವಿಶ್ವಾಸ ನಿರ್ಣಯದಲ್ಲೂ ಮತ ಹಾಕುವ ಹಕ್ಕಿದೆ ಎಂದಿತು. 2021ರ ಫೆಬ್ರುವರಿಯಲ್ಲಿ ನಾರಾಯಣಸಾಮಿ ಸರ್ಕಾರ ಬಿದ್ದಾಗ ಎದುರು ಪಾಳೆಯದ ಎಣಿಕೆಯಲ್ಲಿ ನಾಮಕರಣ ಸದಸ್ಯರೂ ಇದ್ದರು. ನಮ್ಮಲ್ಲಿ 2018ರ ಮೇ ತಿಂಗಳಲ್ಲಿ ಅದೇ ಆಗುವುದಿತ್ತು. ಬಹುಮತವಿಲ್ಲದ ಯಡಿಯೂರಪ್ಪ ಪ್ರಮಾಣ ವಚನ ಸ್ವೀಕರಿಸಿದ್ದರು, ವಿಧಾನಸಭೆಯ ಆಂಗ್ಲೋ ಇಂಡಿಯನ್ ಸ್ಥಾನಕ್ಕೆ ನಾಮಕರಣದ ಸಿದ್ಧತೆ ನಡೆದಿತ್ತು. ವಿಶ್ವಾಸಮತ ಮುಗಿಯುವವರೆಗೆ ಯಾರನ್ನೂ ನಾಮಕರಣ ಮಾಡಬೇಡಿ ಎಂದು ಸುಪ್ರೀಂ ಕೋರ್ಟು ತಡೆಯಿತು. ನಾಮಕರಣಗೊಂಡವರು ಸರ್ಕಾರದ ಕಡೆಗೇ ಕೈ ಎತ್ತುತ್ತಾರೆ ಎಂಬುದರಲ್ಲಿ ಅಂದು ಯಾವ ಪಕ್ಷಕ್ಕೂ ಅನುಮಾನವಿರಲಿಲ್ಲ. ಆಂಗ್ಲೋ ಇಂಡಿಯನ್ ನಾಮಕರಣವೇ 2020ರ ಜನವರಿಗೆ ಕೊನೆಗೊಂಡಿತು.

ಹೊರಗಿನವರೂ ಇದರಲ್ಲಿ ಒದ್ದಾಡಿದ್ದಾರೆ. ಸಿಂಗಪುರದಲ್ಲಿ 1990ರಿಂದ ಪಕ್ಷಾತೀತ ನಾಮಕರಣ ಸದಸ್ಯರಿದ್ದಾರೆ. ಸಂವಿಧಾನ ತಿದ್ದುಪಡಿ, ಹಣಕಾಸು ಮಸೂದೆ, ಅವಿಶ್ವಾಸ ನಿರ್ಣಯಗಳಲ್ಲಿ ಅವರಿಗೆ ಮತವಿಲ್ಲ, ಅದು ಒಳ್ಳೆಯದೇ. ಆದರೆ 2025ರ ಆರಂಭದಲ್ಲಿ ಅಂಥ ಒಬ್ಬ ಸದಸ್ಯರು ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟು, ಕೆಲವೇ ತಿಂಗಳಲ್ಲಿ ಆಳುವ ಪಕ್ಷದ ಅಭ್ಯರ್ಥಿಯಾಗಿ ಗೆದ್ದರು. ಮತಕ್ಕೆ ಬೇಲಿ ಹಾಕಿದ್ದವರು ಟಿಕೆಟ್ಟಿಗೆ ಬೇಲಿ ಹಾಕಿರಲಿಲ್ಲ. ಕೆನಡಾದ ಸೆನೆಟರು 75 ವರ್ಷ ತುಂಬುವವರೆಗೆ ಕೂರಬಹುದು. 2016ರಿಂದ ಅಲ್ಲಿ ಸ್ವತಂತ್ರ ಸಲಹಾ ಮಂಡಳಿಯ ಶಿಫಾರಸಿನ ಮೇಲೆ ನೇಮಕ ನಡೆದು, ಪಕ್ಷಗಳಿಗೆ ಸೇರದವರ ಗುಂಪು ಬೆಳೆದಿದೆ. ನಮ್ಮವರಲ್ಲಿ ಕಾವೇರಿ ವಿವಾದದಲ್ಲಿ ಕರ್ನಾಟಕದ ಪರ ವಾದಿಸಿದ ಫಾಲಿ ನಾರಿಮನ್ ಅವರನ್ನು ನೆನೆಯಬೇಕು. 1999ರಿಂದ 2005ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು, ಯಾವ ಪಕ್ಷವನ್ನೂ ಸೇರಲಿಲ್ಲ. ಸುಪ್ರೀಂ ಕೋರ್ಟಿನ ಅಂಥ ವಕೀಲರಿಗೆ ಸರ್ಕಾರ ಇನ್ನೇನು ಕೊಡಬಹುದಿತ್ತು ಹೇಳಿ.

ಹಾಗಾದರೆ ಏನು ಮಾಡಬೇಕು ಎಂದರೆ ನನ್ನ ಬೇಡಿಕೆ ದೊಡ್ಡದಲ್ಲ. ಪಕ್ಷ ಸೇರುವ ಆರು ತಿಂಗಳ ಕಿಂಡಿಯನ್ನು ಮುಚ್ಚಬೇಕು. ನಾಮಕರಣ ಒಬ್ಬರಿಗೆ ಒಂದೇ ಅವಧಿಗೆ ಸಿಗಬೇಕು. ಆ ಕುರ್ಚಿಯ ಮೇಲೆ ಮಂತ್ರಿಯಾಗುವಂತಿಲ್ಲ ಎಂದು, ವಿಶ್ವನಾಥ್ ಪ್ರಕರಣದಲ್ಲಿ ಅನರ್ಹರಿಗೆ ಅನ್ವಯಿಸಿದ್ದನ್ನು ಎಲ್ಲ ನಾಮಕರಣ ಸದಸ್ಯರಿಗೂ ಅನ್ವಯಿಸಬೇಕು. ಕುರ್ಚಿ ಬಿಟ್ಟು ಒಂದೆರಡು ವರ್ಷ ಪಕ್ಷದ ಟಿಕೆಟ್ಟಿನಲ್ಲಿ ಚುನಾವಣೆಗೆ ನಿಲ್ಲುವಂತಿರಬಾರದು. ಇವಿಷ್ಟು ಆದರೆ ಸರ್ಕಾರಗಳಿಗೆ ತಮ್ಮವರನ್ನು ಕಳಿಸುವ ಆಸಕ್ತಿಯೇ ಅರ್ಧ ಇಳಿಯುತ್ತದೆ. ಮತದ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಮತವಿಲ್ಲದ ಸದಸ್ಯನ ಮಾತನ್ನು ಮಂತ್ರಿಗಳು ಕೇಳುತ್ತಾರೆಯೇ ಎಂಬ ಅನುಮಾನ ಕಾಡುತ್ತದೆ. ಮತ ಕಿತ್ತುಕೊಂಡರೆ ಶಾಂತಾರಾಮ ಸಿದ್ದಿಯವರಂಥವರು ಸದನದಲ್ಲಿ ಬರೀ ಅತಿಥಿಗಳಾಗಿ ಉಳಿಯುತ್ತಾರೆ. ಬಲಿಷ್ಠರಿಗೆ ಹಾಕಿದ ಬೇಲಿಯ ಮುಳ್ಳು ಮೊದಲು ಚುಚ್ಚುವುದು ಬಲವಿಲ್ಲದವರನ್ನೇ.

ಪರಿಷತ್ತನ್ನೇ ತೆಗೆದುಬಿಟ್ಟರಾಯಿತಲ್ಲ ಎನ್ನುವವರೂ ಇದ್ದಾರೆ. 169ನೇ ವಿಧಿಯಲ್ಲಿ ಅದಕ್ಕೆ ದಾರಿಯಿದೆ. ತಮಿಳುನಾಡು 1986ರಲ್ಲಿ ತೆಗೆಯಿತು. ಆಂಧ್ರ 1985ರಲ್ಲಿ ತೆಗೆದು, 2007ರಲ್ಲಿ ಮತ್ತೆ ತಂದು, 2020ರಲ್ಲಿ ಮತ್ತೊಮ್ಮೆ ತೆಗೆಯಲು ನಿರ್ಣಯ ಮಾಡಿ, ಮರುವರ್ಷ ಆ ನಿರ್ಣಯವನ್ನು ವಾಪಸು ಪಡೆಯಿತು. ಪರಿಷತ್ತಿನಲ್ಲಿ ತನಗೆ ಬಹುಮತ ಬರುತ್ತಿದ್ದಂತೆ ಸರ್ಕಾರಕ್ಕೆ ಅದರ ಮೇಲೆ ಪ್ರೀತಿ ಬಂತು.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ, ರಾತ್ರಿ ಪಾಳಿಗೆ ಹೋಗಬೇಕಾದವರಿಗೆ ಮೊದಲು ಮೈಕು ಕೊಡಿ.